ದೋಸೆಹಿಟ್ಟಿನ ಹಿಮನದಿ

ನಮ್ಮ ಸೋದರಮಾವ ಹಿಮ ಅಂತ ಕಣ್ಣಾರೆ ಕಂಡಿದ್ದು ಮನೆಯ ಫ್ರಿಜ್ಜಿನೊಳಗೆ ಮಾತ್ರ. ಆದರೂ ಗ್ರೀನ್‌ಲ್ಯಾಂಡಿನ ಹಿಮನದಿಗಳು ಎಷ್ಟು ಜೋರಾಗಿ ಜಾರುತ್ತಿವೆ ಅಂತ ಅವರನ್ನೇ ಕೇಳಬೇಕು! ಬೆಂಗಳೂರಿನ ನಮ್ಮ ಬಸವೇಶ್ವರನಗರಕ್ಕೆ ಮೆಟ್ರೋ ಸುದ್ದಿಯೂ ಬಂದಿರದ ಕಾಲ. ಮಾವ ಭೂಗೋಳದ ಮೇಷ್ಟ್ರಾಗಿ ನಿವೃತ್ತರಾಗಿದ್ದರು. ಮಗಳನ್ನು ಮಲ್ಪೆಗೆ, ಸಮುದ್ರದ ಎದುರಿನ ಮನೆಗೆ ಮದುವೆ ಮಾಡಿಕೊಟ್ಟ ಮೇಲೆ ಶುರುವಾದ ಹುಚ್ಚು ಇದು. ಮಾಡಲು ಕೆಲಸವಿಲ್ಲ, ಅದಕ್ಕೇ ಅಂತ ನಾವೆಲ್ಲ ಅಂದುಕೊಂಡೆವು.

ಬೆಳಗಿನ ವಾಕಿಂಗಿನಲ್ಲಿ ಜೊತೆಯವರು ಶುಗರ್ರು, ಮಂಡಿನೋವು ಅಂದರೆ ಇವರದು ಸಮುದ್ರಮಟ್ಟ! ಒಂದು ದಿನ ಒಬ್ಬರು ರೇಗಿಯೇ ಬಿಟ್ಟರು.

"ಮೇಷ್ಟ್ರೇ, ನಾವು ಮೂರು ಸಾವಿರ ಅಡಿ ಮೇಲಿದೀವಿ. ನಮ್ಮ ನಲ್ಲೀಲಿ ನೀರು ಬರೋದೇ ಎರಡು ದಿನಕ್ಕೊಂದ್ಸಲ. ಸಮುದ್ರ ಬರೋದಾದ್ರೆ ಬರ್ಲಿ ಬಿಡಿ, ಸಂಪು ತುಂಬಿಸ್ಕೋತೀವಿ!"

ಇಷ್ಟಕ್ಕೆಲ್ಲ ಬಗ್ಗುವ ಆಸಾಮಿಯೇ? ಭಾನುವಾರ ಬಂತೆಂದರೆ ಅತ್ತೆಯ ದೋಸೆಹಿಟ್ಟು ಅಪಹರಣವಾಗುತ್ತಿತ್ತು. ಓರೆಯಾಗಿಟ್ಟ ಕಾಫಿ ಟ್ರೇ ಮೇಲೆ ಹಿಟ್ಟು ಸುರಿದು, ಅಡ್ಡಲಾಗಿ ಒಂದು ಸಾಲು ಸಾಸಿವೆ ಜೋಡಿಸುವರು. ಕೆಳಗೆ ನೀರಿರುವ ಸ್ಟೀಲ್ ಬೇಸಿನ್ನು, ಅದೇ ಸಮುದ್ರ. ಸ್ವಲ್ಪ ಹೊತ್ತಿಗೆ ಮಧ್ಯದ ಸಾಸಿವೆ ಮುಂದೆ, ಅಂಚಿನದು ಹಿಂದೆ.

"ನೋಡೋ, ಹಿಮನದಿ ಹರಿಯೋದೂ ಹಿಂಗೇ. ಈಗ ಬುಡಕ್ಕೆ ಕರಗಿದ ನೀರು ಇಳೀತು ಅನ್ನು" ಅಂತ ಒಂದು ಲೋಟ ನೀರು ಬಿಟ್ಟರೆ, ಅರ್ಧ ಹಿಟ್ಟು ಜಾರಿ ದಬಕ್ಕನೆ ಸಮುದ್ರಕ್ಕೆ! "ಪೂರ್ತಿ ಕರಗೋವರೆಗೂ ಕಾಯ್ಬೇಕಾಗಿಲ್ಲ ಕಣೋ. ನೆಲದ ಮೇಲಿದ್ದ ಮಂಜು ನೀರಿಗೆ ಬಿತ್ತು ಅಂದ್ರೆ ಸಾಕು, ಮಟ್ಟ ಏರ್ತು."

"ಏರಿದ್ದು ನನ್ನ ಬೀಪಿ!" ಅಡುಗೆಮನೆಯಿಂದ ಅತ್ತೆಯ ದನಿ. "ಗ್ರೀನ್‌ಲ್ಯಾಂಡ್ ಮುಗಿದಿದ್ರೆ ಉಳಿದ ಹಿಟ್ಟು ಕೊಡ್ರೀ, ದೋಸೆ ಹುಯ್ಯಬೇಕು!"

ಗೌರಿ ಹಬ್ಬಕ್ಕೆ ಮಗಳು ಅಳಿಯ ಬಂದರು. ಅಳಿಯನೆದುರು ಮರ್ಯಾದೆ ಹೋದೀತೆಂದು ಅತ್ತೆ ಹಿಟ್ಟಿನ ಪಾತ್ರೆಯನ್ನೇ ಬಚ್ಚಿಟ್ಟರು. ಮಾವ ಬಿಟ್ಟಾರೆಯೇ? ಹುಡುಕಿ ತಂದು ಪ್ರಯೋಗ ಹೂಡಿದರು. ಹಿಟ್ಟು ಜಾರಿತು, ನೀರು ಏರಿತು. ಅಷ್ಟರಲ್ಲಿ ಮಾವ ಥಟ್ಟನೆ ಟ್ರೇ ಎತ್ತಿಬಿಟ್ಟರು. ಪ್ರತಿಸಲವೂ ಅವರು ಹೀಗೆ ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಯಾಕೆ ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ.

"ಪೂರ್ತಿ ಬಿಡಿ ಮಾವ, ನೋಡೋಣ" ಅಂದ ಅಳಿಯ.

"ಬೇಡ. ಸಾಕು."

ಮಗಳು ಬಗ್ಗಿ ನೋಡಿದಳು. ಬೇಸಿನ್ನಿನ ಒಳಬದಿಯಲ್ಲಿ, ನೀರಿಗಿಂತ ಒಂದು ಬೆರಳಷ್ಟು ಮೇಲೆ, ಮೆರೂನ್ ಬಣ್ಣದ ಸ್ಟಿಕ್ಕರ್ ಬೊಟ್ಟು.

"ಅಪ್ಪಾ, ಇದು ನಂದಲ್ವಾ? ಕನ್ನಡಿಗೆ ಅಂಟಿಸಿಟ್ಟು ಹೋಗಿದ್ದೆ."

"ಹೂಂ" ಅಂದರು ಮಾವ, ತಲೆ ಎತ್ತದೆ. "ಅದು ನಿಮ್ಮನೆ."

ಅಷ್ಟು ದಿನ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಅತ್ತೆ ಅಡುಗೆಮನೆಯಿಂದ ಲೋಟ ಹಿಡಿದೇ ಬಂದರು. ಈ ಸಲ ಬೈಯಲಿಲ್ಲ. ಬೇಸಿನ್ನಿನ ಮುಂದೆ ಕೂತು, ಎರಡು ಲೋಟ ನೀರು ಮೊಗೆದು ಹೊರಗೆ ಚೆಲ್ಲಿದರು.