ಯೂನಿಫಾರ್ಮ್ ಹಾಕಿಕೊಂಡು ಮಾತಾಡಬಾರದು

ಆ ಭಾನುವಾರ ಬೆಳಿಗ್ಗೆ ಮಲೇಷ್ಯಾದ ಬಾಂಗ್ಸಾರ್‌ನ ಮೈದಾನದ ಬದಿಯಲ್ಲಿ ನಾನು, ಅಕ್ಕ, ಅಕ್ಕನ ಮಗಳು ಕೂತಿದ್ದೆವು. ಮೈದಾನದೊಳಗೆ ಅಂಪೈರ್ ಆಗಿ ನಮ್ಮ ಭಾವ. ಅಪ್ಪುಗೆಯನ್ನು ಅಪರಾಧವೆಂದು ನಂಬಿದ ಮನುಷ್ಯ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು!

ಮೈಸೂರಿನಲ್ಲಿ ಹುಟ್ಟಿದವರಿಗೆ ಕ್ರಿಕೆಟ್ ಸಾಲದೆ ಬೇಸ್‌ಬಾಲ್ ಯಾಕೆ ಬೇಕಿತ್ತು? ಕೇಳಿದರೆ, "ಇದರಲ್ಲಿ ಶಿಸ್ತಿದೆ ಕಣಮ್ಮ" ಎನ್ನುತ್ತಿದ್ದರು. ಅಮೆರಿಕದ ವೃತ್ತಿಪರ ಪಂದ್ಯಗಳ ನಿಯಮ ಅವರಿಗೆ ಬಾಯಿಪಾಠ: ಯೂನಿಫಾರ್ಮ್‌ನಲ್ಲಿರುವ ಆಟಗಾರ ಎದುರಾಳಿಯೊಡನೆ ಸಲಿಗೆಯಿಂದ ಬೆರೆಯಕೂಡದು, ಪ್ರೇಕ್ಷಕರೊಡನೆ ಮಾತಾಡಕೂಡದು. ಅದನ್ನು ಇವರು ತಂದು, ಆಟ ಮುಗಿಯುತ್ತಲೇ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಒಂದೇ ತಟ್ಟೆಗೆ ಕೈಹಾಕುವ ನಮ್ಮ ಭಾನುವಾರದ ತಂಡಗಳ ಮೇಲೆ ಹೇರಿದ್ದರು. ತಮ್ಮ ಮೇಲೂ!

ಒಮ್ಮೆ ಅಕ್ಕ, "ರೀ, ನೀರಿನ ಬಾಟಲಿ ಮರ್ತಿದೀರ!" ಎಂದು ಕೂಗಿದಳು. ಭಾವ ತಿರುಗಿಯೂ ನೋಡಲಿಲ್ಲ. ಬಾಯೊಣಗಿ ಮನೆಗೆ ಬಂದ ಮೇಲೆ, "ನೀನು ಪ್ರೇಕ್ಷಕಿ. ನಾನು ಯೂನಿಫಾರ್ಮ್‌ನಲ್ಲಿದ್ದೆ" ಎಂದರು.

"ಪ್ರೇಕ್ಷಕಿ ಯೂನಿಫಾರ್ಮ್ ಒಗೆಯಲ್ಲ. ನೀವೇ ಒಗ್ಕೊಳ್ಳಿ!"

ಮೆಲಾಕಾದಿಂದ ಆಡಲು ಬರುತ್ತಿದ್ದ ಧಾರವಾಡದ ಡಾಕ್ಟರು ಭಾವನ ಪ್ರಾಣಸ್ನೇಹಿತರು. ಬ್ಯಾಟು ಹಿಡಿದು ಬಂದು, "ಹ್ಯಾಂಗದೀರಿ ಸರ?" ಎಂದರೆ, ಭಾವ ಬೆರಳಿನಿಂದ ಅವರ ಅಂಗಿ ತೋರಿಸುತ್ತಿದ್ದರು. ಅಷ್ಟೇ ಉತ್ತರ!

ಆಮೇಲೆ ಕೊರೋನಾ ಬಂತು. ಊರಿಗೆ ಊರೇ ಹಗಲುಗನಸಿಗೆ ಜಾರಿದಂತೆ ಮೌನ. ಟಿವಿಯಲ್ಲಿ ಖಾಲಿ ಸ್ಟೇಡಿಯಮ್ಮು, ಕುರ್ಚಿಗಳಲ್ಲಿ ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದ ಜನ. ಬಿಳಿ ಚೆಂಡು ಯಾರ ಕೂಗೂ ಇಲ್ಲದೆ ಮೇಲೇರಿ, ಇಳಿಯಲು ಮರೆತಂತೆ ತೇಲುತ್ತಿತ್ತು. ನಮಗೆ ಕಣ್ಣು ಮುಚ್ಚಿಬರುತ್ತಿತ್ತು. ಭಾವನಿಗೆ ಮಾತ್ರ ಪರಮಾನಂದ.

"ನೋಡು, ಒಬ್ಬ ಪ್ರೇಕ್ಷಕನಾದ್ರೂ ಹರಟೆ ಹೊಡೀತಿದಾನಾ? ದೂರ ನಿಲ್ಲಿ, ಕೈ ಕುಲುಕಬೇಡಿ ಅಂತ ಸರ್ಕಾರ ಈಗ ಹೇಳ್ತಿದೆ. ಬೇಸ್‌ಬಾಲ್ ಯಾವತ್ತೋ ಬರೆದಿಟ್ಟಿತ್ತು!"

"ಪಪ್ಪಾ, ರಿಲ್ಯಾಕ್ಸ್ ಲಾ" ಎಂದಳು ಮಗಳು, ಇಲ್ಲಿಯವರ ಧಾಟಿಯಲ್ಲಿ.

ಆ ದಿನಗಳಲ್ಲೇ ಧಾರವಾಡದಲ್ಲಿ ಡಾಕ್ಟರ ತಾಯಿ ತೀರಿಕೊಂಡರು. ವಿಮಾನಗಳಿರಲಿಲ್ಲ. ಭಾವ ಫೋನು ಮಾಡಿದಾಗಲೆಲ್ಲ, "ಆಮ್ಯಾಲೆ ಮಾತಾಡೂಣ್ರಿ ಸರ" ಎಂದು ಡಾಕ್ಟರು ಇಟ್ಟುಬಿಡುತ್ತಿದ್ದರು. ಭಾವನಿಗೆ ಊಟ ಸೇರುತ್ತಿರಲಿಲ್ಲ.

ನಿರ್ಬಂಧ ಸಡಿಲಾದ ಮೇಲಿನ ಮೊದಲ ಆಟವೇ ಆ ಭಾನುವಾರದ್ದು. ಮಂಜು ಮುಸುಕಿದಂಥ ಬಿಸಿಲು. ಡಾಕ್ಟರು ಬ್ಯಾಟು ಹಿಡಿದು ಭಾವನ ಮುಂದೆ ನಿಂತರು. ಬ್ಯಾಟು ಎತ್ತಲಿಲ್ಲ.

"ಅಮ್ಮಿ ಮುಖ ನೋಡಾಕ ಆಗಲಿಲ್ರಿ ಸರ."

ಅಕ್ಕ ನನ್ನ ಕೈ ಹಿಡಿದಳು. ಈ ಮನುಷ್ಯ ಈಗಲೂ ಅಂಗಿ ತೋರಿಸಿಬಿಟ್ಟರೆ?

ಭಾವ ಕೈಯೆತ್ತಿ ಆಟ ನಿಲ್ಲಿಸಿದರು. ಟೋಪಿ ತೆಗೆದರು. ಡಾಕ್ಟರನ್ನು ಬಿಗಿಯಾಗಿ ಅಪ್ಪಿಕೊಂಡರು. ಒಂದೇ ಅಪ್ಪುಗೆಗೆ ಬೇಸ್‌ಬಾಲಿನದೂ ಸರ್ಕಾರದ್ದೂ, ಎರಡು ಕಾಯಿದೆ ಮುರಿದಿದ್ದವು! ಎಷ್ಟು ಹೊತ್ತಾದರೂ ಬಿಡಲಿಲ್ಲ.

ಸಂಜೆ ಪಂದ್ಯದ ವರದಿ ಬರೆದರು: "ಅಂಪೈರ್ ಯೂನಿಫಾರ್ಮ್‌ನಲ್ಲಿ ಆಟಗಾರನೊಡನೆ ಬೆರೆತಿದ್ದಾರೆ. ಶಿಕ್ಷೆ: ಒಂದು ಪಂದ್ಯ ಹೊರಗೆ." ಕೆಳಗೆ ತಾವೇ ಸಹಿ ಹಾಕಿದರು.

ಮುಂದಿನ ಭಾನುವಾರ ಭಾವ ನಮ್ಮ ಜೊತೆ ಪ್ರೇಕ್ಷಕರ ಬೆಂಚಿನಲ್ಲಿ ಕೂತಿದ್ದರು. ಡಾಕ್ಟರೂ ಆಡಲಿಲ್ಲ. ಮನೆಯಲ್ಲಿ ತೊಡುವ ಅಂಗಿಯಲ್ಲೇ ಬಂದು ಪಕ್ಕದಲ್ಲಿ ಕೂತು, ಆಟ ಮುಗಿಯುವವರೆಗೂ ಅಮ್ಮಿಯ ಬಗ್ಗೆಯೇ ಮಾತಾಡಿದರು.