ಬಾಳೆಗಡ್ಡೆ ದೋಣಿಯ ನಟ್ಟು

ಕಂಪ್ಲಿಯ ಆಚೆ, ಹೊಳೆಯ ನಡುವಿರುವ ಬಾಳೆಗಡ್ಡೆ ಎಂಬ ನಡುಗಡ್ಡೆಗೆ ಮೋಟಾರ್ ದೋಣಿಯ ಸೇವೆ ಒಂದು ದಿನವೂ ತಪ್ಪದೆ ನಡೆಯುತ್ತಿದೆ. ದೋಣಿ ಮಾತ್ರ ದಡ ಬಿಟ್ಟಿಲ್ಲ.

ಕಾರಣ ಒಂದು ನಟ್ಟು. ಡ್ಯಾಮಿನಿಂದ ನೀರು ಬಿಟ್ಟಾಗ ಕೊಚ್ಚಿಹೋಗದಿರಲೆಂದು ದೋಣಿಯನ್ನು ದಡದ ಕಲ್ಲುಕಂಬಕ್ಕೆ ಸರಪಳಿಯಲ್ಲಿ ಕಟ್ಟಿ, ದಪ್ಪ ಬೋಲ್ಟ್ ಹಾಕಿ ಬಿಗಿದಿದ್ದರು. ಈ ಸಲ ಹೊಳೆ ಇಳಿಯಿತು, ನಟ್ಟು ಬಿಚ್ಚಲಿಲ್ಲ. ಹೊಳೆದಾಟು ಸೇವಾ ನಿಗಮ ಅದರ ಆರೈಕೆಯಲ್ಲಿ ಯಾವ ಕೊರತೆಯನ್ನೂ ಮಾಡಿರಲಿಲ್ಲ. ಮೇಲಿನವರು ನೋಡಲು ಬರುವ ಸುದ್ದಿ ಸಿಕ್ಕಾಗಲೆಲ್ಲ ತುಕ್ಕಿನ ಮೇಲೆಯೇ ನೀಲಿ ಬಣ್ಣ ಬಳಿದಿತ್ತು. ಆಯುಧಪೂಜೆಗೆ ತಪ್ಪದೆ ಅದರ ನೆತ್ತಿಯ ಮೇಲೆ ಕಾಯಿ ಒಡೆಸಿತ್ತು. ಎಣ್ಣೆ ಒಂದನ್ನು ಬಿಟ್ಟು ಆ ನಟ್ಟಿಗೆ ಎಲ್ಲವೂ ಸಂದಿತ್ತು.

ಗಡ್ಡೆಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಎರ್ರೆಮ್ಮನಿಗೆ ಹೆಡ್‌ಮಾಸ್ಟರು ಫೋನ್ ಮಾಡಿ, "ನಿನ್ನೆ ಹುಡುಗ್ರು ಬಿಸ್ಕಿಟ್ ತಿಂದು ಮಲಗ್ಯಾವ. ಇವತ್ತೂ ಬರ್ಲಿಲ್ಲಂದ್ರ ಬ್ಯಾರೆಯಾಕಿನ್ನ ನೋಡ್ತೀನಿ" ಎಂದಿದ್ದರು. ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, ತರಕಾರಿ ಬುಟ್ಟಿ ಹೊತ್ತು ಅವಳು ದಡಕ್ಕೆ ಓಡಿದಳು. ಹರಿಗೋಲಿನ ಪಂಪಣ್ಣ ತನ್ನ ಹರಿಗೋಲನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದ.

"ಅಣ್ಣಾ, ಜಲ್ದಿ ದಾಟಸು."

"ದೋಣಿ ಸೇವೆ ಇರೋತನ ಹರಿಗೋಲಿನ್ಯಾಗ ಮಂದಿ ಹತ್ಸಂಗಿಲ್ಲ ತಂಗಿ. ನಿಗಮದೋರು ಹರಿಗೋಲ ಕಸಗೊಂಡು ಹೋಗ್ತಾರ."

"ಎಲ್ಲೈತಿ ಸೇವೆ? ಗೂಟಕ್ಕ ಕಟ್ಟಿದ ಎಮ್ಮಿ ಹಂಗ ನಿಂತೈತಿ!"

ದೋಣಿಯೊಳಗೆ ಕುರ್ಚಿ ಹಾಕಿಕೊಂಡಿದ್ದ ಮೇಲ್ವಿಚಾರಕ ಕನಕರಾಜ್ ಬೇಸರಿಸದೆ ವಿವರಿಸಿದರು. "ದೋಣಿ ನೀರಾಗೈತಿ, ನಾನು ದೋಣ್ಯಾಗದೀನಿ, ಟಿಕೆಟ್ ಕೊಡಾಕ ಹತ್ತೀನಿ. ಸೇವೆ ಅಂದ್ರ ಇನ್ನೇನವ್ವ?"

ಹೊಸಪೇಟೆಯಿಂದ ಬಂದ ಮೆಕ್ಯಾನಿಕ್ ದುರುಗೇಶ್ ಸ್ಪ್ಯಾನರ್ ಹಾಕಿ ಜಗ್ಗಿದ. ನಟ್ಟು ಅಲುಗಲಿಲ್ಲ, ದೋಣಿ ಅಲುಗಿತು. ಕಾಯಿಸಿ ಬಿಚ್ಚೋಣವೆಂದರೆ ದೋಣಿಯ ಬಳಿ ಬೆಂಕಿ ನಿಷಿದ್ಧ. ಸರಪಳಿ ಕತ್ತರಿಸೋಣವೆಂದರೆ ದೋಣಿ ನಿಗಮದ್ದು, ಸರಪಳಿ ಬೇರೆ ಇಲಾಖೆಯದು. ಕೊನೆಗೆ ಸೀಮೆಎಣ್ಣೆ ಬಿಟ್ಟು ಕಾಯುವುದೆಂದು ತೀರ್ಮಾನವಾಯಿತು.

"ಎಷ್ಟೊತ್ತು ಕಾಯಬೇಕಪಾ?" ಎಂದಳು ಎರ್ರೆಮ್ಮ.

"ನಟ್ಟಿಗಿ ಮನಸ್ಸು ಬರೋತನ ಅಕ್ಕಾ."

ಎರ್ರೆಮ್ಮನ ಕಣ್ಣು ದಡದ ನಿಯಮಗಳ ಫಲಕದ ಮೇಲೆ ಬಿತ್ತು. 'ಅಪಾಯದಲ್ಲಿರುವ ಪ್ರಯಾಣಿಕರನ್ನು ಯಾವುದೇ ಹರಿಗೋಲು ರಕ್ಷಿಸಿ ಸುರಕ್ಷಿತ ದಡಕ್ಕೆ ಸೇರಿಸಬಹುದು' ಎಂದಿತ್ತು. ಅವಳು ಟಿಕೆಟ್ ಕೊಂಡಳು, ದೋಣಿ ಹತ್ತಿದಳು, ಬುಟ್ಟಿ ಕೆಳಗಿಟ್ಟಳು, ಚೀರಿದಳು.

"ಕಾಪಾಡ್ರೋ ಯಪ್ಪಾ! ದೋಣಿ ಕೆಟ್ಟು ನಿಂತೈತಿ, ಕಾಪಾಡ್ರೋ!"

ಕನಕರಾಜ್ ಕುರ್ಚಿಯಿಂದ ಬೀಳುವುದೊಂದು ಬಾಕಿ. "ಏನಾತವ್ವ? ದಡ ಇಲ್ಲೇ ಐತಲ್ಲ!"

"ನನ್ನ ಕೆಲಸ ಆ ದಡಕ್ಕೈತ್ರಿ. ಅಲ್ಲಿಂದ ನೋಡ್ರಿ, ಭಾಳ ದೂರ ಐತಿ."

ಕನಕರಾಜ್ ಆಚೆ ದಡವನ್ನು ಕಣ್ಣು ಕಿರಿದು ಮಾಡಿ ನೋಡಿದರು. ದೂರವೇ ಇತ್ತು. ತಲೆಯಾಡಿಸಿದರು.

ಪಂಪಣ್ಣ ಹರಿಗೋಲು ತಂದು ಪಕ್ಕಕ್ಕೆ ನಿಲ್ಲಿಸಿ, "ಸುರಕ್ಷಿತ ದಡ ಯಾವುದವ್ವ?" ಎಂದು ಕ್ರಮದಂತೆ ಕೇಳಿದ.

"ಒಲಿ ಇರೋ ದಡ. ನಡಿ."

ಮರುದಿನ ಗಡ್ಡೆಗೆ ಹೋಗುವವರೆಲ್ಲ ಟಿಕೆಟ್ ಕೊಂಡು ಅಪಾಯಕ್ಕೆ ಸಿಲುಕಿದರು. ಗದ್ದಲ ಹೆಚ್ಚಾದ್ದರಿಂದ ನಿಗಮ ಒಂದು ಪ್ರಕಟಣೆ ಹೊರಡಿಸಿತು: 'ಟಿಕೆಟ್ ಪಡೆಯದೆ ಅಪಾಯಕ್ಕೆ ಸಿಲುಕುವುದನ್ನು ನಿಷೇಧಿಸಲಾಗಿದೆ. ಪ್ರಯಾಣಿಕರು ಸರದಿಯಲ್ಲಿ ಚೀರತಕ್ಕದ್ದು. ಸುಮ್ಮನೆ ಕುಳಿತವರನ್ನು ರಕ್ಷಿಸಲಾಗುವುದಿಲ್ಲ.' ಗಂಟಲು ಕಟ್ಟಿದ್ದ ಮುದುಕಿ ಹುಲುಗಮ್ಮನ ಪರವಾಗಿ ಎರ್ರೆಮ್ಮನೇ ಚೀರಬಹುದೆಂದು ಕನಕರಾಜ್ ಮಾನವೀಯತೆಯಿಂದ ಒಪ್ಪಿದರು. ಒಂದು ಸಾವೂ ಇಲ್ಲದೆ ಅತಿ ಹೆಚ್ಚು ಜನರನ್ನು ರಕ್ಷಿಸಿದ್ದಕ್ಕೆ ಹೊಸಪೇಟೆಯಲ್ಲಿ ಅವರಿಗೆ ಶಾಲು ಹೊದಿಸಿದರು. ಅವರು ಅದನ್ನು ಕುರ್ಚಿಗೆ ಹೊದಿಸಿದರು.

ಹೀಗಿರುವಾಗ ಒಂದು ಮುಂಜಾನೆ ದುರುಗೇಶ್ ರೂಢಿಯಂತೆ ಸ್ಪ್ಯಾನರ್ ಹಾಕಿದ. ನಟ್ಟು ಕಿರ್ರೆಂದು ತಿರುಗಿತು.

ಚೀರುತ್ತಿದ್ದವರು ಬಾಯಿ ಮುಚ್ಚಿದರು. ಕನಕರಾಜ್ ಶಾಲು ಮುಟ್ಟಿ ನೋಡಿಕೊಂಡರು. ಪಂಪಣ್ಣ ಹರಿಗೋಲನ್ನು ಮತ್ತೆ ಬೋರಲು ಹಾಕುವ ಜಾಗ ಹುಡುಕತೊಡಗಿದ.

ಎರ್ರೆಮ್ಮ ಯೋಚಿಸಿದಳು. ದೋಣಿ ಹೊರಡಬೇಕೆಂದರೆ ಡೀಸೆಲ್ ಬರಬೇಕು. ಡೀಸೆಲ್ ಬಂದರೆ ಡ್ರೈವರ್ ಬರಬೇಕು. ಡ್ರೈವರ್ ಬಂದರೆ ಅವನ ಚಹಾ ಆಗಬೇಕು. ಚಹಾ ಆದರೂ ದೋಣಿ ತುಂಬಬೇಕು. ಅಷ್ಟರಲ್ಲಿ ಶಾಲೆಯ ಮಕ್ಕಳು ಬಿಸ್ಕಿಟ್ ತಿಂದು ಮಲಗಿರುತ್ತವೆ, ಒಲೆಯ ಮುಂದೆ ಬೇರೆ ಯಾರೋ ಕೂತಿರುತ್ತಾರೆ.

"ಲೇ ದುರುಗೇಶ, ಬಿಗಿ ಹಾಕಲೇ ಅದನ್ನ" ಎಂದಳು. "ಮಂದಿ ಜೀವದ ಜತಿ ಆಟ ಆಡ್ತೀಯಾ?"

"ಹೌದಪಾ, ಬಿಗಿ ಹಾಕು. ಸುರಕ್ಷತೆ ಮುಖ್ಯ" ಎಂದರು ಕನಕರಾಜ್.

ದುರುಗೇಶ್ ಮೈಭಾರವೆಲ್ಲ ಹಾಕಿ ಬಿಗಿದ. ಕನಕರಾಜ್ ತಾವೇ ಡಬ್ಬಿ ತೆರೆದು ನೀಲಿ ಬಣ್ಣ ಬಳಿದರು. ಎರ್ರೆಮ್ಮ ಸಾಂಬಾರಿಗೆಂದು ತಂದಿದ್ದ ಕಾಯಿಯನ್ನು ನಟ್ಟಿನ ನೆತ್ತಿಯ ಮೇಲೆ ಒಡೆದಳು. ನೀರು ನಟ್ಟಿಗೆ ಬಿಟ್ಟು ಹೋಳು ಬುಟ್ಟಿಗೆ ಹಾಕಿಕೊಂಡಳು.

"ಗಟ್ಟಿ ಇರವ್ವ ತಾಯಿ" ಎಂದು ಕೈಮುಗಿದು, ಟಿಕೆಟ್ ಕೊಂಡು ಸರದಿಯಲ್ಲಿ ನಿಂತಳು. ಸರದಿ ಬಂದಾಗ ಮೊದಲು ಹುಲುಗಮ್ಮನ ಪರವಾಗಿ ಚೀರಿದಳು, ಆಮೇಲೆ ತನ್ನದು.