ತುರ್ತು ಕೊಠಡಿಯ ದಟ್ಟಣೆಯನ್ನು ಚಪ್ಪಲಿಯಿಂದ ಅಳೆಯುವ ಬಗ್ಗೆ

ಸಂಖ್ಯೆ: ತುಚಿ/ದಟ್ಟಣೆ/ಚಪ್ಪಲಿ/41/1986-87

ಉಲ್ಲೇಖ: ಯರಗುಪ್ಪಿಯ ಫಕೀರವ್ವನವರು ಆಸ್ಪತ್ರೆ ಬಾಗಿಲಲ್ಲಿ ನಿಂತು ಸಲ್ಲಿಸಿದ, ಇನ್ನೂ ಮುಗಿಯದ ಮೌಖಿಕ ಅಹವಾಲು.

ತುರ್ತು ಕೊಠಡಿಯಲ್ಲಿ ಜನರನ್ನು ಎಣಿಸಲು ಹೋದ ಗುಮಾಸ್ತ ಕುಬೇರಪ್ಪನವರನ್ನು ಎರಡು ಸಲ ಹಿಡಿದು ಮಲಗಿಸಿ ಸಲೈನ್ ಹಚ್ಚಲಾಗಿರುವುದರಿಂದ, ಇನ್ನು ಮುಂದೆಯೂ ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳನ್ನು ಎಣಿಸಿಯೇ ದಟ್ಟಣೆಯನ್ನು ನಿರ್ಧರಿಸತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

1. ಒಂದು ಜೊತೆ ಚಪ್ಪಲಿಗೆ ಒಬ್ಬ ರೋಗಿ. ರೋಗಿಯ ಸಂಗಡ ಓಣಿಯೇ ಬಂದಿದ್ದಲ್ಲಿ ಓಣಿಯನ್ನೂ ರೋಗಿಯೆಂದು ಪರಿಗಣಿಸತಕ್ಕದ್ದು.

2. ಒಂಟಿ ಚಪ್ಪಲಿಗೆ ಅರ್ಧ ರೋಗಿ. ಇನ್ನರ್ಧವನ್ನು ನಾಯಿ ಒಯ್ದಿದ್ದಲ್ಲಿ ನಾಯಿಯನ್ನು ಹಾಜರುಪಡಿಸತಕ್ಕದ್ದು.

3. ಬರಿಗಾಲಲ್ಲಿ ಬಂದವರು ಬಂದಿರುವುದಿಲ್ಲ. ಇದರನ್ವಯ, ಕಳೆದ ಸೋಮವಾರ ಹೊಲದಲ್ಲಿ ಚೇಳು ಕಡಿದು ಚಕ್ಕಡಿಯಲ್ಲಿ ಬಂದ ಹನಮವ್ವನವರು ಬಂದಿರಲಿಲ್ಲ. ಚಕ್ಕಡಿ ಹೊಡೆದುಕೊಂಡು ಬಂದ ಮಾಳಪ್ಪನವರು ಚಪ್ಪಲಿ ಬಿಟ್ಟಿದ್ದರಿಂದ ಚೇಳಿನ ಇಂಜೆಕ್ಷನ್ನನ್ನು ಅವರಿಗೆ ಕೊಡಲಾಯಿತು. ಅವರು ಬೇಡವೆಂದದ್ದನ್ನು ವಿಷದ ಲಕ್ಷಣವೆಂದು ಪರಿಗಣಿಸಲಾಗಿದೆ.

4. ಆಗ ಹನಮವ್ವನವರ ಸಂಗಡ ಬಂದಿದ್ದ ನೆರೆಮನೆಯ ಫಕೀರವ್ವನವರು, "ಕಾಲು ಬಾತು ಕುಂಬಳಕಾಯಿ ಆಗೇತಿ, ಚಪ್ಪಲಿ ಎಲ್ಲಿ ಹಿಡಸ್ತಾವ್ರಿ? ಆಕಿ ಒದರೂದರ ಕೇಳಸ್ತೈತಿಲ್ಲೋ ಸಾಹೇಬ್ರ?" ಎಂದು ವಿಚಾರಿಸಿರುತ್ತಾರೆ. ಒದರುವಿಕೆಯು ಅಂಗೀಕೃತ ಮಾಪನವಲ್ಲವೆಂದು ಅವರಿಗೆ ತಿಳಿಸಲಾಯಿತು.

5. ತರುವಾಯ ಅವರು, "ಹಂಗಾರ ತಗೋರಿ, ಆಕಿ ಬಂದ್ಲು" ಎಂದು ತಮ್ಮ ಚಪ್ಪಲಿಗಳನ್ನೇ ಹನಮವ್ವನವರ ಹೆಸರಿನಲ್ಲಿ ಬಿಟ್ಟರು. ಹನಮವ್ವನವರು ತಕ್ಷಣ ಬಂದರು, ಇಂಜೆಕ್ಷನ್ ಪಡೆದರು, ಸ್ವಲ್ಪ ಹೊತ್ತಿನಲ್ಲಿ ಚಹಾ ಕೇಳಿದರು. ಫಕೀರವ್ವನವರು ಮಾತ್ರ ಅಂದಿನಿಂದ ಇಲ್ಲ. ಇಲ್ಲದವರು ಮಾತನಾಡುವುದನ್ನು ನಿಷೇಧಿಸಲಾಗಿದ್ದು, ಪಾಲನೆಯಾಗುತ್ತಿಲ್ಲ.

6. ವೈದ್ಯರು ಬೂಟು ಬಿಚ್ಚದೆ ಒಳಗೆ ಹೋಗುವುದರಿಂದ ಆಸ್ಪತ್ರೆಯಲ್ಲಿ ವೈದ್ಯರಿಲ್ಲ. ಇಂಜೆಕ್ಷನ್ ಕೊಟ್ಟವರು ಯಾರೆಂದು ತನಿಖೆ ನಡೆದಿದೆ.

7. ಹನಮವ್ವನವರು ಮನೆಗೆ ಹೊರಟಾಗ, ಚಪ್ಪಲಿಗಳು ಸರಕಾರಿ ದಾಖಲೆಯಂತೆ ತಮ್ಮವೆಂದು ಅವುಗಳನ್ನು ಉಡಿಯಲ್ಲಿ ಕಟ್ಟಿಕೊಂಡು ಚಕ್ಕಡಿ ಏರಿರುತ್ತಾರೆ. ಫಕೀರವ್ವನವರು, "ನಾನೂ ಇರಬೇಕಲ್ರಿ ಮತ್ತ" ಎಂದು ಹೇಳಿ, ಬಾಗಿಲಲ್ಲಿದ್ದ ಹೊಸ ಕೊಲ್ಹಾಪುರಿ ಜೊತೆಯನ್ನು ಮೆಟ್ಟಿಕೊಂಡು ಹೋಗಿರುತ್ತಾರೆ. ಆ ಜೊತೆ ತಪಾಸಣೆಗೆಂದು ಬಂದ ಮೇಲಧಿಕಾರಿಗಳದ್ದಾಗಿತ್ತು.

(ಸಹಿ ಇಲ್ಲ)
ಮೇಲಧಿಕಾರಿಗಳು ಬಂದಿರುವುದಿಲ್ಲ.

ಪ್ರತಿಗಳು:
1. ವೈದ್ಯರಿಗೆ (ಇದ್ದಲ್ಲಿ).
2. ಮಾಳಪ್ಪನವರಿಗೆ, ಎರಡನೆಯ ಇಂಜೆಕ್ಷನ್ನಿಗೆ ಹಾಜರಾಗುವಂತೆ.
3. ಕಲಂ 2ರ ನಾಯಿಗೆ.
4. ಫಕೀರವ್ವನವರಿಗೆ, ಮೇಲಧಿಕಾರಿಗಳನ್ನು ಆದಷ್ಟು ಬೇಗ ಮರಳಿಸುವ ವಿನಂತಿಯೊಂದಿಗೆ. ಎರಡೂ ಕಾಲಿನವು.